ಗುರುತಿಸುವ ನೆಪದಲ್ಲಿ ಬೇಟೆ

"ಹಕ್ಕಿಯ ಗುರುತು ಖಚಿತವಾಗಬೇಕಿತ್ತು, ಅದಕ್ಕೇ ಮೊಬೈಲಿನಲ್ಲಿ ಅದರ ಕೂಗು ಹಾಕಿದೆ." ಪಶ್ಚಿಮ ಘಟ್ಟದ ಕಾಡುಗಳಲ್ಲಿ ಈ ಮಾತನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ಕೇಳುವುದಕ್ಕೆ ವಿಜ್ಞಾನದ ಮಾತಿನಂತಿದೆ. ಆದರೆ ಟಿಕೆಲ್ ನೀಲಿ ನೊಣಹಿಡುಕದ ಕೂಗನ್ನೇ ಆರಿಸಿ ಹಾಕಬೇಕಾದರೆ, ಪೊದೆಯೊಳಗಿರುವುದು ಅದೇ ಹಕ್ಕಿ ಎಂದು ಮೊದಲೇ ಗೊತ್ತಿರಬೇಕಲ್ಲವೇ? ಗುರುತು ಆಗಲೇ ಸಿಕ್ಕಿದೆ. ಬೇಕಿರುವುದು ಫೋಟೊ.

ಅದರ ಬೆಲೆ ತೆರುವುದು ಹಕ್ಕಿ. ಗೂಡಿನ ಕಾಲದಲ್ಲಿ ಆ ಕೂಗು ಗಂಡಿನ ಪಾಲಿಗೆ ತನ್ನ ಜಾಗಕ್ಕೆ ನುಗ್ಗಿದ ಎದುರಾಳಿಯದು. ಹುಳ ಹಿಡಿಯುವುದನ್ನು ಬಿಟ್ಟು ಬಯಲಿಗೆ ಬಂದು ಇಲ್ಲದ ಶತ್ರುವನ್ನು ಹುಡುಕುತ್ತದೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬಂದು ಅದೇ ಕೂಗು ಹಾಕುತ್ತಾರೆ.

ಗುರುತಿಸಲು ನಿಜಕ್ಕೂ ಕಷ್ಟವಾದ ನೊಣಹಿಡುಕಗಳಿವೆ. ಚಳಿಗಾಲಕ್ಕೆ ಘಟ್ಟಕ್ಕೆ ಬರುವ ಕಂದು ನೊಣಹಿಡುಕ, ಕಂದು ಎದೆಯ ನೊಣಹಿಡುಕ ಎರಡೂ ಮಾಸಲು ಬಣ್ಣದವು. ಮೊದಲನೆಯದರ ಕಾಲು ಕಪ್ಪು. ಎರಡನೆಯದರ ಕಾಲು ತಿಳಿಬಣ್ಣ, ಕೆಳಕೊಕ್ಕು ಹಳದಿ. ಹುಳಕ್ಕೆ ಹಾರಿ ಮತ್ತೆ ಕೊಂಬೆಗೆ ಮರಳುವ ಹಕ್ಕಿಗಳಿವು. ಸುಮ್ಮನೆ ನಿಂತು ನೋಡಿದರೆ ಕಾಲು, ಕೊಕ್ಕು ಕಾಣುತ್ತವೆ. ಆದರೆ ಇವುಗಳ ಮುಂದೆ ಯಾರೂ ಸಾಲುಗಟ್ಟುವುದಿಲ್ಲ. ರಾಜಹಕ್ಕಿಯಲ್ಲೂ ಉದ್ದ ಬಾಲದ ಬಿಳಿ ಗಂಡಿಗಷ್ಟೇ ಕ್ಯಾಮೆರಾ. ಗಿಡ್ಡ ಬಾಲದ ಕೆಂಗಂದು ಹೆಣ್ಣು ಯಾರಿಗೂ ಬೇಡ. ಗುರುತಿಸುವ ಹಂಬಲವೇ ನಿಜವಾಗಿದ್ದರೆ ಲೆನ್ಸುಗಳು ಬೇರೆ ಕಡೆ ತಿರುಗಿರುತ್ತಿದ್ದವು.

"ಸಂಶೋಧಕರೂ ಕೂಗು ಹಾಕುತ್ತಾರಲ್ಲ?" ಎನ್ನುವವರಿದ್ದಾರೆ. ಹೌದು, ಕೆಲವು ಸಮೀಕ್ಷೆಗಳಲ್ಲಿ ಹಾಕುತ್ತಾರೆ. ಎಲ್ಲಿ, ಎಷ್ಟು ನಿಮಿಷ, ಎಷ್ಟು ಸಲ ಎಂದು ಮೊದಲೇ ನಿಗದಿಯಾಗಿರಬೇಕು, ಬರೆದಿಡಬೇಕು. ಅಭಯಾರಣ್ಯದೊಳಗೆ ಕೆಲಸ ಮಾಡಲು ಅನುಮತಿಯೂ ಬೇಕು. ಆ ಲೆಕ್ಕ ಮೀರಿದ ಸಂಶೋಧಕರನ್ನೂ ಇದೇ ಪ್ರಶ್ನೆಯಿಂದ ಬಿಡಬೇಕಿಲ್ಲ.

ಇನ್ನು ಗೂಡಿನ ಚಿತ್ರ. ಮರೆಯಾಗಿದ್ದ ಎಲೆ, ಕಡ್ಡಿ ಸರಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕಾಗೆ, ಕೆಂಬೂತಗಳಿಗೂ ಗೂಡು ಅಷ್ಟೇ ಸ್ಪಷ್ಟವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನು 'ಬೇಟೆ'ಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕೋವಿ ಹಿಡಿದವನನ್ನು ಕಂಡರೆ ಪೊಲೀಸರಿಗೆ ಫೋನು ಮಾಡುವ ನಾವು, ಎಲೆ ಸರಿಸಿದವರಿಗೆ ಬಹುಮಾನ ಕೊಡುತ್ತೇವೆ.

ಫೋಟೊ ಬೇಡವೆನ್ನುತ್ತಿಲ್ಲ. ಕಾಲಿನ ಬಣ್ಣ ತೋರಿಸುವ ಮಸುಕು ಚಿತ್ರವೂ ಒಳ್ಳೆಯ ದಾಖಲೆಯೇ. ಸ್ಪರ್ಧೆ ನಡೆಸುವವರು, ಚಿತ್ರ ಅಚ್ಚು ಹಾಕುವ ಸಂಪಾದಕರು ಒಂದು ಕೆಲಸ ಮಾಡಲಿ: ಚಿತ್ರ ತೆಗೆದದ್ದು ಹೇಗೆಂದು ಬರೆಸಿಕೊಳ್ಳಲಿ. ಕೂಗು ಹಾಕಿ ಕರೆಸಿದ ಹಕ್ಕಿಯ ಚಿತ್ರವನ್ನೂ ಗೂಡಿನ ಚಿತ್ರವನ್ನೂ ಹಿಂದಿರುಗಿಸಲಿ. ಮೆಚ್ಚುಗೆ ನಿಂತರೆ ಸ್ಪೀಕರು ತಾನಾಗಿ ಚೀಲ ಸೇರುತ್ತದೆ.