ಗಾಳದ ಪಾಲು, ಬಲೆಯ ಪಾಲು



ಕಳೆದ ವಾರ ಕೆರಗೋಡಿನ ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ: “ಮೇಷ್ಟ್ರೇ, ದೊಡ್ಡೋರು ಗಾಳ ಹಾಕಿದ್ರೆ ಹವ್ಯಾಸ, ನಮ್ಮ ತಾತ ಬಲೆ ಬೀಸಿದ್ರೆ ಕಳ್ಳತನ. ಇದ್ಯಾವ ನ್ಯಾಯ?” ಆತನ ತಾತ ಮುತ್ತತ್ತಿಯ ಕಡೆ ಹರಿಗೋಲಿನಲ್ಲಿ ಮೀನು ಹಿಡಿದು ಸಂಸಾರ ಸಾಕಿದವರು. ಉತ್ತರ ಹೇಳಲು ನನಗೆ ಒಂದು ವಾರವೇ ಬೇಕಾಯಿತು.

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಭೀಮೇಶ್ವರಿಗಳ ಕಾವೇರಿಯ ಮಡುಗಳು ಮಹಶೀರ್ ಮೀನಿಗೆ ಲೋಕಪ್ರಸಿದ್ಧ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದಷ್ಟು ಭಾಗವನ್ನು ಗುತ್ತಿಗೆ ಹಿಡಿದು ಕಾವಲಿಟ್ಟಿತು. ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಶಿಬಿರ ನಡೆಸಿತು. ವಿದೇಶಗಳಿಂದಲೂ ಬಂದ ಹವ್ಯಾಸಿಗಳು ಮೀನನ್ನು ಹಿಡಿದು, ತೂಗಿ, ಚಿತ್ರ ತೆಗೆಸಿಕೊಂಡು, ಮರಳಿ ನೀರಿಗೆ ಬಿಡುತ್ತಿದ್ದರು. ಗಾಳಕ್ಕೆ ಸಿಕ್ಕಿಸುತ್ತಿದ್ದುದು ನಮ್ಮ ರಾಗಿಯ ಉಂಡೆ! ಮಡುಗಳ ಗುಟ್ಟು ಬಲ್ಲ ಊರಿನವರೇ ಅವರಿಗೆ ದಾರಿ ತೋರುತ್ತಿದ್ದರು. ಅವರ ಮನೆಯಲ್ಲಿ ಅದರಿಂದ ಒಲೆ ಉರಿಯುತ್ತಿತ್ತು.

ಈ ಪ್ರದೇಶ 1987ರಿಂದ ಅಭಯಾರಣ್ಯ. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ವಾದ ಗೆದ್ದು, 2010ರ ಆಚೀಚೆ ಹವ್ಯಾಸಿಗಳ ಗಾಳವೂ ನಿಂತಿತು. ಅವರು ತರುತ್ತಿದ್ದ ಹಣವೂ ನಿಂತಿತು. 2018ರಲ್ಲಿ ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯನ್ನು ಸೇರಿತು. ಪಾಪವನ್ನೆಲ್ಲ ಬಲೆಯ ಮೇಲೆ ಹೊರಿಸುವಂತಿಲ್ಲ: ಮೀನಿನ ಪ್ರೇಮದಿಂದಲೇ ಲೋನಾವಳದಲ್ಲಿ ಬೆಳೆಸಿದ ಬೇರೆ ಜಾತಿಯ ಮಹಶೀರ್ ಮರಿಗಳನ್ನು ಇಲ್ಲಿ ಬಿಟ್ಟದ್ದೂ ಇದಕ್ಕೆ ಕಾರಣವೆಂದು ತಜ್ಞರು ಹೇಳುತ್ತಾರೆ.

ಸಿಡಿಮದ್ದು ಹಾಕುವವರಿಗೆ ನನ್ನಲ್ಲಿ ಕ್ಷಮೆಯಿಲ್ಲ. ಅದು ಮರಿ, ಮೊಟ್ಟೆಗಳನ್ನೂ ಬಿಡದು. ಆದರೆ ಹೊಟ್ಟೆಪಾಡಿನ ಬಲೆಯನ್ನೂ ಅದೇ ತಕ್ಕಡಿಯಲ್ಲಿ ತೂಗಬಾರದು. ಅಭಯಾರಣ್ಯದ ಹೊರಗಿನ ನೀರಿನಲ್ಲಾದರೂ ಗಾಳದವರಿಗೂ ಬಲೆಯವರಿಗೂ ಪಾಲು ಗೊತ್ತುಮಾಡಬೇಕು: ಮಹಶೀರ್ ಯಾರಿಗೆ ಸಿಕ್ಕರೂ ಮರಳಿ ನೀರಿಗೆ, ಕಾಟ್ಲಾ, ರೋಹುಗಳಲ್ಲಿ ಮೊದಲ ಹಕ್ಕು ಬಲೆಯವರಿಗೆ, ಮೀನು ಮೊಟ್ಟೆಯಿಡುವ ಕಾಲದಲ್ಲಿ ಇಬ್ಬರಿಗೂ ರಜೆ. ಹವ್ಯಾಸಿ ಕೊಡುವ ಶುಲ್ಕದ ಒಂದು ಪಾಲು ಆ ರಜೆಯ ದಿನಗಳಲ್ಲಿ ಬೆಸ್ತರ ಮನೆಗೆ ಸೇರಲಿ. ಈ ಕರಾರು ಬರೆಯುವಾಗ ಹರಿಗೋಲಿನವರಿಗೂ ಕುರ್ಚಿ ಹಾಕಬೇಕು. ಇಷ್ಟು ಕಾಲ ಅವರನ್ನು ದಾರಿ ತೋರಲಷ್ಟೇ ಕರೆದೆವು.

ಇದನ್ನೆಲ್ಲ ನಿನ್ನೆ ಫೋನಿನಲ್ಲಿ ಹೇಳಿದೆ. “ಕುರ್ಚಿ ಹಾಕೋರು ಯಾರು ಮೇಷ್ಟ್ರೇ?” ಎಂದ. ತರಗತಿಯಲ್ಲೂ ಅವನು ಹೀಗೆಯೇ.