ಪ್ರೇಮವಿದ್ದರೆ ಪತ್ತೇದಾರಿಕೆ ಕೆಡುವುದಿಲ್ಲ

ಬಾಹ್ಯಾಕಾಶದಲ್ಲಿ ನಡೆಯುವ ಕಾದಂಬರಿ, ಅದರಲ್ಲೊಂದು ನಿಗೂಢ ಸಾವು, ಜೊತೆಗೆ ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಪ್ರೇಮ. ಇಂಗ್ಲಿಷಿನಲ್ಲಿ ಈಚೆಗೆ ಇಂಥ ಪುಸ್ತಕಗಳು ಸಾಲುಸಾಲಾಗಿ ಬಂದಿವೆ. ಅವುಗಳ ಬಗ್ಗೆ ಆಕ್ಷೇಪಗಳೂ ಎದ್ದಿವೆ. ಆಕ್ಷೇಪ ಎತ್ತುವವರಲ್ಲಿ ವೈಜ್ಞಾನಿಕ ಕಾದಂಬರಿಗಳನ್ನು ಮನಸಾರೆ ಪ್ರೀತಿಸುವವರೂ ಇದ್ದಾರೆ. ಆದ್ದರಿಂದ ಒಂದೊಂದಾಗಿ ಉತ್ತರಿಸುವುದೇ ಸರಿ.

ಮೊದಲ ಆಕ್ಷೇಪ: ವೈಜ್ಞಾನಿಕ ಕಾದಂಬರಿಗೂ ಪತ್ತೇದಾರಿಕೆಗೂ ಹೊಂದುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಯಾವುದೋ ಹೊಸ ಯಂತ್ರ ತಂದು ಕೊಲೆಗಾರನನ್ನು ಹಿಡಿಸಿದರೆ ಓದುಗರಿಗೆ ಮೋಸವಾಗುತ್ತದೆ.

ಇದು ಹಳೆಯ ವಾದ. ‘ಅಸ್ಟೌಂಡಿಂಗ್’ ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಕೂಡ ಹೀಗೇ ಹೇಳುತ್ತಿದ್ದರು. ಅದಕ್ಕೆ ಐಸಾಕ್ ಅಸಿಮೋವ್ ಕಾದಂಬರಿ ಬರೆದೇ ಉತ್ತರ ಕೊಟ್ಟರು. ‘ದಿ ಕೇವ್ಸ್ ಆಫ್ ಸ್ಟೀಲ್’ 1954ರಲ್ಲಿ ಪುಸ್ತಕವಾಗಿ ಬಂತು. ಆ ಲೋಕದ ಕಟ್ಟುಪಾಡುಗಳನ್ನು ಮೊದಲೇ ಓದುಗರ ಮುಂದಿಟ್ಟರೆ ಮೋಸಕ್ಕೆ ಎಡೆಯಿಲ್ಲ ಎಂಬುದನ್ನು ಅದು ತೋರಿಸಿತು. ಮಾಲ್ಕಾ ಓಲ್ಡರ್ 2023ರ ‘ದಿ ಮಿಮಿಕಿಂಗ್ ಆಫ್ ನೋನ್ ಸಕ್ಸೆಸಸ್’ನಲ್ಲಿ ಅದೇ ನಿಯಮ ಪಾಲಿಸಿದ್ದಾರೆ. ಭೂಮಿ ಬಿಟ್ಟ ಮನುಷ್ಯರು ಗುರುಗ್ರಹದಲ್ಲಿದ್ದಾರೆ. ಅಲ್ಲಿ ಕಾಲಿಡಲು ನೆಲವಿಲ್ಲ. ಅನಿಲದ ನಡುವೆ ಕಟ್ಟಿದ ಅಟ್ಟಣೆಗಳು, ಅವುಗಳನ್ನು ಜೋಡಿಸುವ ರೈಲುಹಳಿಗಳು, ಅಷ್ಟೇ. ದೂರದ ಒಂದು ಅಟ್ಟಣೆಯಲ್ಲಿ ಒಬ್ಬ ಕಾಣೆಯಾಗುತ್ತಾನೆ. ರೈಲು ಹತ್ತಿದ್ದನ್ನು ಕಂಡವರಿಲ್ಲ, ನಡೆದುಹೋಗಲು ದಾರಿಯಿಲ್ಲ. ಒಳಗಿನಿಂದ ಅಗುಳಿ ಹಾಕಿದ ಕೋಣೆಯ ಕಥೆಗಳಲ್ಲಿ ಬರುವ ಒಗಟೇ ಇಲ್ಲಿ ಆ ಗ್ರಹದ ಭೌತಿಕ ಸ್ಥಿತಿಯಿಂದ ಹುಟ್ಟಿದೆ.

ಎರಡನೆಯದು: ಪ್ರೇಮ ಬಂದರೆ ತನಿಖೆ ಸಡಿಲವಾಗುತ್ತದೆ.

ಅದೇ ಕಾದಂಬರಿಯಲ್ಲಿ ತನಿಖಾಧಿಕಾರಿ ಮೊಸ್ಸಾ ನೆರವು ಕೇಳಿ ಹೋಗುವುದು ಪ್ಲೈಟಿಯ ಬಳಿಗೆ. ವಿದ್ಯಾರ್ಥಿದೆಸೆಯಲ್ಲಿ ಇಬ್ಬರೂ ಪ್ರೇಮಿಗಳಾಗಿದ್ದವರು, ಆಮೇಲೆ ದೂರವಾದವರು. ಪ್ಲೈಟಿ ಈಗ ಭೂಮಿಯ ಹಳೆಯ ಜೀವಜಾಲವನ್ನು ಅಧ್ಯಯನ ಮಾಡುವ ವಿದ್ವಾಂಸೆ. ಕಾಣೆಯಾದವನು ಅವಳ ವಿಶ್ವವಿದ್ಯಾಲಯದವನೇ. ಅಲ್ಲಿನ ವಿದ್ವಾಂಸರ ಒಳಸುಳಿ ಬಲ್ಲ ಪ್ಲೈಟಿಯಿಲ್ಲದೆ ಪ್ರಕರಣ ಬಿಡಿಸುವುದು ಮೊಸ್ಸಾಗೆ ಸಾಧ್ಯವಿಲ್ಲ.

ಎವರಿನಾ ಮ್ಯಾಕ್ಸ್‌ವೆಲ್ ಅವರ ‘ವಿಂಟರ್ಸ್ ಆರ್ಬಿಟ್’ (2021) ಇದಕ್ಕಿಂತ ಆಳಕ್ಕೆ ಇಳಿಯುತ್ತದೆ. ರಾಜಕುಮಾರ ಟಾಮ್ ಅಪಘಾತದಲ್ಲಿ ಸತ್ತಿದ್ದಾನೆ. ಆ ಮದುವೆಯ ಮೇಲೆ ನಿಂತಿದ್ದ ರಾಜಕೀಯ ಒಪ್ಪಂದ ಮುರಿಯದಿರಲೆಂದು ಅವನ ವಿಧುರ ಸಂಗಾತಿ ಜೈನನ್‌ನನ್ನು ಅವಸರದಲ್ಲಿ ಇನ್ನೊಬ್ಬ ರಾಜಕುಮಾರ ಕಿಯೆಮ್‌ಗೆ ಮದುವೆ ಮಾಡಿಕೊಡುತ್ತಾರೆ. ಅಷ್ಟರಲ್ಲೇ ಆ ಸಾವು ಅಪಘಾತವಲ್ಲವೆಂಬ ಸುಳಿವು ಸಿಗುತ್ತದೆ. ಅನುಮಾನ ಜೈನನ್ ಮೇಲೆ. ಅವನು ಮಾತಾಡುವುದೇ ಕಡಿಮೆ, ಯಾವುದನ್ನೂ ಬೇಡವೆನ್ನುವುದಿಲ್ಲ. ಅದು ಅಗಲಿದವನ ಮೇಲಿನ ದುಃಖವೆಂದು ಕಿಯೆಮ್ ತಿಳಿಯುತ್ತಾನೆ. ಆದರೆ ಮೊದಲ ಮದುವೆ ಹೇಗಿತ್ತೆಂದು ಅರಮನೆಯಲ್ಲಿ ಯಾರೂ ಕೇಳಿರಲೇ ಇಲ್ಲ. ಗಂಡ ಹೆಂಡತಿಯ ವಿಷಯ ನಮಗೇಕೆ ಎಂದು ಸುಮ್ಮನಾಗುವ ಮನೆಗಳನ್ನು ನಾವು ಕಂಡಿಲ್ಲವೆ? ಜೈನನ್‌ನ ಮೌನದ ನಿಜವಾದ ಅರ್ಥ ತಿಳಿಯಬೇಕಾದರೆ ಮೊದಲು ಅವನ ನಂಬಿಕೆ ಗಳಿಸಬೇಕು. ತನಿಖೆಯೂ ಪ್ರೇಮವೂ ಇಲ್ಲಿ ಕೇಳುವುದು ಒಂದೇ ಪ್ರಶ್ನೆ: ಎದುರಿಗಿರುವ ಈ ಮನುಷ್ಯ ನಿಜವಾಗಿ ಯಾರು? ಇಂಥ ಕಾದಂಬರಿಗಳ ಶಕ್ತಿಯಿರುವುದು ಇಲ್ಲೇ.

ಮೂರನೆಯದು: ಪ್ರೇಮವಿರಲಿ, ಸಲಿಂಗ ಪ್ರೇಮವೇ ಏಕೆ? ಅದನ್ನು ತೆಗೆದರೂ ಕಥೆ ನಿಲ್ಲುವುದಿಲ್ಲವೆ?

ಎಲ್ಲ ಕಥೆಗಳೂ ನಿಲ್ಲುವುದಿಲ್ಲ. ಆರ್ಕಡಿ ಮಾರ್ಟಿನ್ ಅವರ ‘ಎ ಮೆಮರಿ ಕಾಲ್ಡ್ ಎಂಪೈರ್’ 2020ರಲ್ಲಿ ಹ್ಯೂಗೋ ಪ್ರಶಸ್ತಿ ಪಡೆದ ಕಾದಂಬರಿ. ಪುಟ್ಟ ಬಾಹ್ಯಾಕಾಶ ನಿಲ್ದಾಣವೊಂದರ ರಾಯಭಾರಿಯಾಗಿ ಮಾಹಿತ್ ಸಾಮ್ರಾಜ್ಯದ ರಾಜಧಾನಿಗೆ ಬರುತ್ತಾಳೆ. ಹಿಂದಿನ ರಾಯಭಾರಿ ಇಸ್ಕಂದರ್ ಹೇಗೆ ಸತ್ತ ಎಂಬುದು ಅವಳ ಮುಂದಿರುವ ಪ್ರಶ್ನೆ. ಅವನಿಗೂ ಚಕ್ರವರ್ತಿಗೂ ಇದ್ದ ಒಲವನ್ನು ಬದಿಗಿಟ್ಟರೆ ಅವನು ಚಕ್ರವರ್ತಿಗೆ ಕೊಟ್ಟ ಮಾತೂ ಅರ್ಥವಾಗದು, ಅವನ ಸಾವೂ ಅರ್ಥವಾಗದು.

ಇನ್ನೂ ಒಂದು ಮಾತು. ಅಸಿಮೋವ್ ಅವರ ಪತ್ತೇದಾರ ಬೇಲಿಗೆ ಹೆಂಡತಿ ಏಕಿರಬೇಕು ಎಂದು ಯಾರೂ ಕಾರಣ ಕೇಳಲಿಲ್ಲ. ಗಂಡು ಹೆಣ್ಣಿನ ಪ್ರೇಮಕ್ಕೆ ಕೇಳದ ಕಾರಣವನ್ನು ಸಲಿಂಗ ಪ್ರೇಮಕ್ಕೆ ಮಾತ್ರ ಕೇಳುವುದು ಸಾಹಿತ್ಯ ವಿಮರ್ಶೆಯಲ್ಲ, ತಾರತಮ್ಯ.

ನಾಲ್ಕನೆಯದು: ಇದೆಲ್ಲ ಈಚಿನ ಫ್ಯಾಷನ್.

ಸ್ಯಾಮ್ಯುಯೆಲ್ ಡಿಲೇನಿಯವರ ‘ಬೇಬೆಲ್-17’ ಬಂದದ್ದು 1966ರಲ್ಲಿ. ಅದರಲ್ಲಿ ಅಂತರಿಕ್ಷ ಯುದ್ಧವಿದೆ, ಬುಡಮೇಲು ಕೃತ್ಯಗಳ ಹಿಂದಿನ ರಹಸ್ಯ ಭೇದಿಸುವ ಕವಯಿತ್ರಿಯಿದ್ದಾಳೆ, ಮೂವರು ಕೂಡಿ ಬಾಳುವ ದಾಂಪತ್ಯಗಳೂ ಇವೆ. ಅದಕ್ಕೆ ನೆಬ್ಯುಲಾ ಪ್ರಶಸ್ತಿಯೂ ಬಂತು. ಗಂಡು ಹೆಣ್ಣೆಂಬ ಸ್ಥಿರ ಭೇದವೇ ಇಲ್ಲದ ಜನರನ್ನು ಅರ್ಸುಲಾ ಲೆಗ್ವಿನ್ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ನಲ್ಲಿ ಚಿತ್ರಿಸಿದ್ದು 1969ರಲ್ಲಿ. ಅರ್ಧ ಶತಮಾನ ದಾಟಿದ ಪರಂಪರೆಯನ್ನು ಫ್ಯಾಷನ್ ಎನ್ನಲಾಗದು.

ಆಕ್ಷೇಪಿಸುವವರ ಒಂದು ಮಾತನ್ನು ಒಪ್ಪುತ್ತೇನೆ. ಇಂಥ ಎಲ್ಲ ಪುಸ್ತಕಗಳೂ ಸಮವಲ್ಲ. ‘ವಿಂಟರ್ಸ್ ಆರ್ಬಿಟ್’ನಲ್ಲೂ ರಾಜಕೀಯ ಸಂಚಿನ ಎಳೆ ದಾಂಪತ್ಯದ ಎಳೆಯಷ್ಟು ಗಟ್ಟಿಯಾಗಿಲ್ಲ. ಅಂಥ ಕಡೆ ಕಟುವಾಗಿಯೇ ವಿಮರ್ಶಿಸೋಣ. ಸುಳಿವುಗಳನ್ನು ನ್ಯಾಯವಾಗಿ ಇಟ್ಟಿದ್ದಾರೆಯೆ, ಕಟ್ಟಿದ ಲೋಕ ನಂಬುವಂತಿದೆಯೆ, ಪಾತ್ರಗಳು ಜೀವಂತವಾಗಿವೆಯೆ ಎಂದು ಕೇಳೋಣ. ಪ್ರೇಮಿಗಳು ಇಬ್ಬರೂ ಗಂಡಸರೆಂಬ ಕಾರಣಕ್ಕೆ ಅಂಕ ಕಳೆಯುವುದು ಬೇಡ.

ಕನ್ನಡದಲ್ಲಿ ಸಲಿಂಗ ಪ್ರೇಮದ ಕಥೆಗಳಿರುವ ವಸುಧೇಂದ್ರರ ಸಂಕಲನ ‘ಮೋಹನಸ್ವಾಮಿ’ 2013ರಲ್ಲೇ ಬಂದಿದೆ. ಆ ಕಥೆಗಳನ್ನು ಓದಿದವರಿಗೆ ಈ ಕಾದಂಬರಿಗಳ ಪ್ರೇಮ ಅಪರಿಚಿತ ಅನ್ನಿಸದು. ನಮ್ಮ ಅನುವಾದಕರು, ಪ್ರಕಾಶಕರು ಇವುಗಳಲ್ಲಿ ಒಂದನ್ನಾದರೂ ಕನ್ನಡಕ್ಕೆ ತರಲಿ. ಓದಿದ ಮೇಲೆ ಬರುವ ಆಕ್ಷೇಪಗಳಿಗೂ ಉತ್ತರಿಸೋಣ.