ಟೆಕ್ಕನ್ 8: ಗುರುವಿನ ಮನೆಯಲ್ಲೊಂದು ಅಂಗಡಿ

ವಿಡಿಯೋ ಗೇಮ್ ಎಂದೊಡನೆ ಹಿರಿಯರು ನೋಡದೆಯೇ ತಿರಸ್ಕರಿಸುತ್ತಾರೆ. ಮಕ್ಕಳು ಪ್ರಶ್ನಿಸದೆಯೇ ಸ್ವೀಕರಿಸುತ್ತಾರೆ. ಎರಡೂ ನ್ಯಾಯವಲ್ಲ. ಗುಣವನ್ನು ಒಪ್ಪಿಕೊಂಡವನ ಬಾಯಿಂದ ಬಂದಾಗಲೇ ಟೀಕೆಗೆ ತೂಕ. 2024ರ ಜನವರಿಯಲ್ಲಿ ಜಪಾನಿನ ಬಂದೈ ನಾಮ್ಕೋ ಸಂಸ್ಥೆ ಹೊರತಂದ ‘ಟೆಕ್ಕನ್ 8’ ಎಂಬ ಹೊಡೆದಾಟದ ಆಟವನ್ನು ಈ ನೆಲೆಯಲ್ಲಿ ಪರಿಶೀಲಿಸೋಣ.

ಮೊದಲು ಗುಣ. ಇದರಲ್ಲಿ ಸೋತವನಿಗೆ ಒಬ್ಬ ಗುರು ಸಿಗುತ್ತಾನೆ. ಮುಗಿದ ಪಂದ್ಯವನ್ನು ಮರಳಿ ನೋಡುವಾಗ ಎಲ್ಲಿ ಎಡವಿದೆವು, ಏನು ಮಾಡಬಹುದಿತ್ತು ಎಂಬುದನ್ನು ಆಟವೇ ತೋರಿಸುತ್ತದೆ. ಅಲ್ಲಿಯೇ ತಡೆದು, ಅದೇ ಸನ್ನಿವೇಶವನ್ನು ಮತ್ತೆ ಆಡಿ ತಿದ್ದಿಕೊಳ್ಳಬಹುದು. ನಮ್ಮ ಆಟದ ಶೈಲಿಯನ್ನೇ ಕಲಿತ ‘ಘೋಸ್ಟ್’ ಎದುರು ಸೆಣಸಿ ನಮ್ಮ ದುರಭ್ಯಾಸಗಳನ್ನು ಕಣ್ಣಾರೆ ಕಾಣಬಹುದು. ತಪ್ಪಿಗೆ ಕೆಂಪು ಗೆರೆ ಎಳೆದು ಪುಟ ತಿರುವುವ ನಮ್ಮಂಥ ಶಿಕ್ಷಕರು ಇದರಿಂದ ಕಲಿಯಬೇಕಾದದ್ದಿದೆ.

ಇಂಥ ಸಾಧನೆಯ ಫಲಕ್ಕೆ ನಿದರ್ಶನವೂ ಇದೆ. ಲಾಹೋರಿನ ಅರ್ಸಲಾನ್ ಆಶ್ 2019ರಲ್ಲಿ ವೀಸಾದ ತೊಡಕುಗಳನ್ನು ದಾಟಿ ಜಪಾನ್ ತಲುಪಿ, ಹಿಂದಿನ ಕಂತಾದ ‘ಟೆಕ್ಕನ್ 7’ರ ಇವೋ ಜಪಾನ್ ಪಂದ್ಯಾವಳಿಯನ್ನು ಗೆದ್ದರು. ಅದೇ ವರ್ಷ ಲಾಸ್ ವೇಗಸ್‌ನ ಇವೋ ಕೂಡ ಅವರದಾಯಿತು. ಊರಿನ ಆರ್ಕೇಡ್‌ಗಳಲ್ಲಿ ಪಳಗಿದ ಕೈಗಳು ಜಗತ್ತನ್ನು ಬೆರಗುಗೊಳಿಸಿದವು.

ಹಾಗಾದರೆ ದೋಷವೆಲ್ಲಿದೆ? ತಾಳ್ಮೆಯನ್ನು ಕಲಿಸುವ ಈ ಗುರುವೇ ತಾಳ್ಮೆಗೆ ದಂಡ ವಿಧಿಸುತ್ತಾನೆ. ಪ್ರತಿ ಸುತ್ತಿನಲ್ಲಿ ಒಮ್ಮೆ ಹೊತ್ತಿಸಬಹುದಾದ ‘ಹೀಟ್’ ಎಂಬ ಶಕ್ತಿಯಿದೆ. ಅದು ಉರಿಯುತ್ತಿರುವಾಗ ಎದುರಾಳಿ ಸರಿಯಾಗಿ ತಡೆದರೂ ಅವನ ಬಲ ಕುಗ್ಗುತ್ತದೆ. ಮೇಲೆರಗಿದವನಿಗೆ ಲಾಭ, ಕಾದು ನಿಂತವನಿಗೆ ನಷ್ಟ. 2025ರ ಏಪ್ರಿಲ್‌ನ ಪರಿಷ್ಕರಣೆ ಈ ಒಲವನ್ನು ಇನ್ನಷ್ಟು ಹೆಚ್ಚಿಸಿದಾಗ ನುರಿತ ಆಟಗಾರರೇ ಸಿಡಿದೆದ್ದರು. ಸಂಸ್ಥೆ ಅದೇ ತಿಂಗಳು ತುರ್ತು ತಿದ್ದುಪಡಿ ಹೊರಡಿಸಬೇಕಾಯಿತು.

ಎರಡನೆಯ ದೋಷ ಇನ್ನೂ ಗಂಭೀರ. ಅಮೆರಿಕದಲ್ಲಿ ಸುಮಾರು 70 ಡಾಲರ್ ಬೆಲೆಗೆ ಮಾರಾಟವಾದ ಈ ಆಟದೊಳಗೆ, ಬಿಡುಗಡೆಯಾದ ಸುಮಾರು ಒಂದು ತಿಂಗಳಿಗೆ ಅಂಗಡಿಯೊಂದು ತೆರೆಯಿತು. ಹಣ ಕೊಟ್ಟು ‘ಟೆಕ್ಕನ್ ನಾಣ್ಯ’ ಕೊಳ್ಳಬೇಕು. ನಾಣ್ಯ ಕೊಟ್ಟು ಉಡುಪು ಕೊಳ್ಳಬೇಕು. ಕೆಲವೇ ವಾರಗಳಲ್ಲಿ ‘ಫೈಟ್ ಪಾಸ್’ ಬಂತು. ಅಂಗಡಿ ತೆರೆಯುವ ಉದ್ದೇಶ ಮೊದಲೇ ಇದ್ದಿದ್ದರೆ ಮಾರುವ ದಿನವೇ ಏಕೆ ತೆರೆಯಲಿಲ್ಲ? ವಿಮರ್ಶೆಗಳು ಪ್ರಕಟವಾಗಿ, ಜನ ಬೆಲೆ ತೆತ್ತ ಮೇಲೆ ಬಾಗಿಲು ತೆಗೆಯುವುದು ಯಾವ ವ್ಯಾಪಾರಧರ್ಮ? ನಡುವೆ ನಾಣ್ಯವೊಂದನ್ನು ಇಟ್ಟಿರುವುದಾದರೂ ಏಕೆ? ಕೈಬಿಟ್ಟುಹೋದ ಹಣದ ನಿಜವಾದ ಲೆಕ್ಕ ಹುಡುಗನ ಮನಸ್ಸಿಗೆ ಹತ್ತಬಾರದು ಎಂದಲ್ಲವೇ?

ಹೊಡೆದಾಟದ ಹಿಂಸೆಯನ್ನು ನಾವು ಲಘುವಾಗಿ ಕಾಣುತ್ತಿಲ್ಲ. ಆದರೆ ಮುಷ್ಟಿಯ ಪೆಟ್ಟು ಪರದೆಯ ಮೇಲೆ ಕಾಣುತ್ತದೆ, ಹೆತ್ತವರು ತಡೆಯಬಲ್ಲರು. ಜೇಬಿಗೆ ಬೀಳುವ ಪೆಟ್ಟು ಬ್ಯಾಂಕಿನ ಸಂದೇಶ ಬಂದ ಮೇಲಷ್ಟೇ ತಿಳಿಯುತ್ತದೆ.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಮಗನಿಗೆ ಈ ಆಟ ಕೊಡಿಸಿದ್ದರೆ ಒಂದು ಸಂಜೆ ಅವನ ಪಕ್ಕದಲ್ಲಿ ಕುಳಿತು, ಅವನು ಸೋತ ಪಂದ್ಯವನ್ನು ತೋರಿಸಲು ಹೇಳಿ. ಎಲ್ಲಿ ತಪ್ಪಿದೆನೆಂದು ಅವನು ವಿವರಿಸಬಲ್ಲನಾದರೆ ಆಟದಿಂದ ಅವನು ಏನನ್ನೋ ಪಡೆದಿದ್ದಾನೆ. ಯಾವ ಉಡುಪು ಬೇಕೆಂದು ಮಾತ್ರ ಹೇಳಿದರೆ, ಆಟವೇ ಅವನಿಂದ ಪಡೆಯುತ್ತಿದೆ. ಯಾವುದೇ ಆದರೂ, ನಿಮ್ಮ ಕಾರ್ಡಿನ ಸಂಖ್ಯೆಯನ್ನು ಆ ಯಂತ್ರದಲ್ಲಿ ಉಳಿಸಿಡಬೇಡಿ.